ಮನಸ್ಸಿಗೂ ಜೋಮು ಹಿಡಿಯುತ್ತದೆ

ಪ್ರಶ್ನೆ: ಮೇಡಂ, ನನಗೆ 26 ವರ್ಷ. ಊರು ಅರಸೀಕೆರೆ ಹತ್ತಿರ. ಬೆಂಗಳೂರಲ್ಲಿ ಕುಂದಲಹಳ್ಳಿ ಕಡೆ ಪಿಜಿಯಲ್ಲಿದ್ದೇನೆ, ಎರಡು ವರ್ಷದಿಂದ ನೈಟ್ ಶಿಫ್ಟ್ ಕೆಲಸ. ನಾಲ್ಕು ತಿಂಗಳ ಹಿಂದೆ ಮೆಟ್ರೋದಲ್ಲಿ ಮೆಜೆಸ್ಟಿಕ್ ಹತ್ತಿರ ಬರುವಾಗ ಇದ್ದಕ್ಕಿದ್ದ ಹಾಗೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಆಮೇಲೆ ಸುತ್ತ ಇದ್ದ ಜನ ಎಲ್ಲ ಸಿನಿಮಾದಲ್ಲಿ ಇರುವವರ ಹಾಗೆ ಕಂಡರು. ಕಂಬಿ ಹಿಡಿದಿದ್ದ ಕೈ ನನ್ನದು ಅನಿಸಲೇ ಇಲ್ಲ. ಅವತ್ತಿನಿಂದ ಇದು ಪೂರ್ತಿ ಹೋಗಿಲ್ಲ. ಕನ್ನಡಿ ನೋಡಿದರೆ ಯಾರೋ ಅನಿಸುತ್ತದೆ. ಅಮ್ಮ ಫೋನ್ ಮಾಡಿದರೆ ಪ್ರೀತಿ ಇದೆ ಅಂತ ಗೊತ್ತು, ಒಳಗೆ ಮಾತ್ರ ಏನೂ ಆಗಲ್ಲ. ಅದಕ್ಕೆ ಮುಂಚೆ ಎರಡು ತಿಂಗಳು ಧ್ಯಾನದ ಕ್ಲಾಸಿಗೆ ಹೋಗುತ್ತಿದ್ದೆ. ಅಲ್ಲಿನ ಹಿರಿಯರೊಬ್ಬರು "ಇದು ಸಾಕ್ಷಿಭಾವ, ನಿನ್ನ ಪುಣ್ಯ, ಬಿಡಬೇಡ" ಅಂದರು. ಮೊಬೈಲ್‌ನಲ್ಲಿ ಹುಡುಕಿದರೆ ಸ್ಕಿಜೋಫ್ರೇನಿಯಾ ಅಂತೆಲ್ಲ ಬರುತ್ತದೆ. ಅಮ್ಮ ದೃಷ್ಟಿ ತೆಗೆದರು, ಧರ್ಮಸ್ಥಳಕ್ಕೆ ಹರಕೆ ಹೊತ್ತಿದ್ದಾರೆ. ನನಗೆ ಹುಚ್ಚು ಹಿಡಿಯುತ್ತಿದೆಯಾ? ಅಥವಾ ಜ್ಞಾನ ಬರುವುದು ಅಂದರೆ ಇದೇನಾ? ಅಮ್ಮನಿಗೆ ಏನು ಹೇಳಲಿ?

ಉತ್ತರ: ಮೊದಲ ಎರಡು ಪ್ರಶ್ನೆಗೆ ಈಗಲೇ ಉತ್ತರ ಕೊಟ್ಟುಬಿಡುತ್ತೇನೆ. ಇಲ್ಲದಿದ್ದರೆ ಉಳಿದದ್ದನ್ನು ನೀವು ಸಮಾಧಾನವಾಗಿ ಓದುವುದಿಲ್ಲ. ನೀವು ಬರೆದಿರುವ ಮಟ್ಟಿಗೆ ಇದು ಹುಚ್ಚಲ್ಲ. ಜ್ಞಾನವೂ ಅಲ್ಲ. ಪತ್ರ ನೋಡಿ ಹೇಳುವುದಕ್ಕೂ ಎದುರಿಗೆ ಕೂರಿಸಿಕೊಂಡು ಹೇಳುವುದಕ್ಕೂ ವ್ಯತ್ಯಾಸ ಇದೆ, ಆ ಮಾತಿಗೆ ಆಮೇಲೆ ಬರುತ್ತೇನೆ.

ಇದೇ ತೊಂದರೆ ಇರುವವರು ನನ್ನ ಕ್ಲಿನಿಕ್ಕಿಗೆ ಬಂದಾಗ ಹೆಚ್ಚಿನವರ ಮೊದಲ ಮಾತು ಒಂದೇ. "ಒಂಥರಾ ಆಗತ್ತೆ ಡಾಕ್ಟ್ರೇ." ಯಾವ ಥರ ಅಂತ ಕೇಳಿದರೆ ಸುಮ್ಮನಾಗುತ್ತಾರೆ. ನೋವು ಅಂದರೆ ನೋವಲ್ಲ, ತಲೆಸುತ್ತು ಅಂದರೆ ತಲೆಸುತ್ತೂ ಅಲ್ಲ. ಆಮೇಲೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗಾಜಿನ ಆಚೆ ನಿಂತ ಹಾಗೆ. ನನ್ನ ಧ್ವನಿ ಪಕ್ಕದ ರೂಮಿನಿಂದ ಬಂದ ಹಾಗೆ. ರಸ್ತೆ, ಅಂಗಡಿ, ಜನ ಎಲ್ಲ ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದ ಹಾಗೆ. ಮಾತಾಡುತ್ತಿರುವುದು ನಾನಲ್ಲ, ನನ್ನ ಬಾಯಿ ಅದರ ಪಾಡಿಗೆ ಆಡುತ್ತಿದೆ ಅನ್ನುವ ಹಾಗೆ.

ಇದಕ್ಕೆ ವೈದ್ಯಶಾಸ್ತ್ರದಲ್ಲಿ ಎರಡು ಹೆಸರಿದೆ. ತನ್ನ ಮೈ, ತನ್ನ ಮನಸ್ಸು ಪರಕೀಯ ಅನಿಸಿದರೆ ಡಿಪರ್ಸನಲೈಸೇಶನ್. ಹೊರಗಿನ ಜಗತ್ತು ನಿಜ ಅಲ್ಲ ಅನಿಸಿದರೆ ಡಿರಿಯಲೈಸೇಶನ್. ಎರಡೂ ಜೊತೆಜೊತೆಗೇ ಬರುವುದು ಜಾಸ್ತಿ, ಆದ್ದರಿಂದ ಈಗ ಒಂದೇ ಕಾಯಿಲೆಯಾಗಿ ಸೇರಿಸಿದ್ದಾರೆ. ಮೊದಲನೆಯ ಪದಕ್ಕೆ ಒಂದು ಕಥೆ ಇದೆ. ಜಿನೀವಾದಲ್ಲಿ ಅಮಿಯೆಲ್ ಅಂತ ಒಬ್ಬ ಪ್ರೊಫೆಸರ್ ಇದ್ದ. ಸಾಯುವವರೆಗೂ ಡೈರಿ ಬರೆದ. ತನ್ನ ಬದುಕನ್ನು ತಾನೇ ಸಮಾಧಿಯ ಆಚೆಯಿಂದ ನೋಡುತ್ತಿರುವ ಹಾಗೆ ಅನಿಸುತ್ತದೆ ಅಂತ ಅದರಲ್ಲಿ ಬರೆದುಕೊಂಡಿದ್ದ. 1881ರಲ್ಲಿ ತೀರಿಕೊಂಡ, ಡೈರಿ ಅಚ್ಚಾಯಿತು. ಡ್ಯುಗಾ ಎಂಬ ಫ್ರೆಂಚ್ ಪಂಡಿತ 1898ರಲ್ಲಿ ಆ ಡೈರಿಯ ಪದವನ್ನೇ ಎತ್ತಿಕೊಂಡು ಈ ಅನುಭವಕ್ಕೆ ಹೆಸರಿಟ್ಟ. ಅಂದರೆ ಡಾಕ್ಟರುಗಳಿಗೆ ಈ ಪದ ಕೊಟ್ಟಿದ್ದು ಇದನ್ನು ಅನುಭವಿಸಿದ ಒಬ್ಬ ಮನುಷ್ಯ. ನಿಮ್ಮ ಹಾಗೆ ಬರೆದು ಹೇಳಿಕೊಂಡವನು.

ಕನ್ನಡದಲ್ಲಿ ನಾನು ಬೇರೆ ಪದ ಬಳಸುತ್ತೇನೆ. ಜೋಮು.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಜಾಸ್ತಿ ಹೊತ್ತು ಕೂತರೆ ಕಾಲು ಜೋಮು ಹಿಡಿಯುತ್ತದೆ ಅಲ್ವಾ? ಮುಟ್ಟಿದರೆ ಮರದ ತುಂಡು ಮುಟ್ಟಿದ ಹಾಗೆ. ಕಾಲು ನಮ್ಮದೇ, ಅದು ಗೊತ್ತು. ಆದರೆ 'ನನ್ನದು' ಅನ್ನುವ ಸ್ಪರ್ಶ ಇರುವುದಿಲ್ಲ. ಕಾಲಿಗೆ ಏನೂ ಆಗಿರುವುದಿಲ್ಲ, ಮೂಳೆ ಮುರಿದಿಲ್ಲ, ಗಾಯ ಇಲ್ಲ. ನಿಮ್ಮ ಮನಸ್ಸಿಗೆ ಆಗಿರುವುದೂ ಹೆಚ್ಚುಕಮ್ಮಿ ಇದೇ. ಅಮ್ಮನ ಮೇಲಿನ ಪ್ರೀತಿ ಎಲ್ಲಿಗೂ ಹೋಗಿಲ್ಲ. ಅದಕ್ಕೆ ಜೋಮು ಹಿಡಿದಿದೆ.

ಇದು ಬರೀ ಹೋಲಿಕೆಯ ಮಾತಲ್ಲ. 2000ದ ಆಸುಪಾಸಿನಲ್ಲಿ ಲಂಡನ್ನಿನಲ್ಲಿ ಈ ತೊಂದರೆ ಇರುವವರಿಗೆ ಅಸಹ್ಯ ಹುಟ್ಟಿಸುವ ಚಿತ್ರ ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ನಮ್ಮ ಮಿದುಳಿನಲ್ಲಿ ಇನ್ಸುಲಾ ಅನ್ನುವ ಭಾಗ ಇದೆ. ಹೊಟ್ಟೆ ಕಿವುಚುವುದು, ಎದೆ ಬಡಿಯುವುದು ಇಂಥ ಮೈಯೊಳಗಿನ ಸುದ್ದಿಯನ್ನೆಲ್ಲ ಅದು 'ಅನಿಸಿಕೆ' ಮಾಡಿ ಕೊಡುತ್ತದೆ. ಇವರಲ್ಲಿ ಆ ಭಾಗ ಬೇರೆಯವರಿಗಿಂತ ಕಮ್ಮಿ ಚುರುಕಾಗಿತ್ತು. ಹಣೆಯ ಹಿಂದಿನ, ಹಿಡಿತ ಇಟ್ಟುಕೊಳ್ಳುವ ಭಾಗ ಮಾತ್ರ ಜಾಸ್ತಿ ಕೆಲಸ ಮಾಡುತ್ತಿತ್ತು. ಇನ್ನೊಂದು ಪರೀಕ್ಷೆಯಲ್ಲಿ ಅಂಗೈ ಬೆವರನ್ನು ಅಳೆದರು. ಕೆಟ್ಟ ಚಿತ್ರ ನೋಡಿದಾಗ ಎಲ್ಲರ ಅಂಗೈಯೂ ಸಣ್ಣಗೆ ಬೆವರುತ್ತದೆ, ಇವರದು ಕಮ್ಮಿ. ಭಯ ಮಿತಿ ಮೀರಿದಾಗ ಮಿದುಳು ಭಾವನೆಯ ವಾಲ್ಯೂಮ್ ಇಳಿಸಿಬಿಡುತ್ತದೆ ಅಂತ ಇದರ ಅರ್ಥ. ಅಪಘಾತದಲ್ಲಿ ಸಿಕ್ಕಿದವರು "ಬೇರೆ ಯಾರಿಗೋ ಆಗ್ತಿದೆ ಅನ್ನಿಸ್ತು, ನಾನು ಸುಮ್ನೆ ನೋಡ್ತಾ ಇದ್ದೆ" ಅನ್ನುವುದನ್ನು ನೀವೂ ಕೇಳಿರಬಹುದು. ಆ ಹೊತ್ತಿಗೆ ಅದು ಉಪಕಾರವೇ. ಅಪಾಯ ಮುಗಿದ ಮೇಲೂ ವಾಲ್ಯೂಮ್ ಮೇಲೆ ಬರದಿದ್ದರೆ ತಕರಾರು.

ನೀವು ಒಬ್ಬರೇ ಅಂದುಕೊಂಡಿದ್ದರೆ ಅದೂ ತಪ್ಪು. ದೊಡ್ಡವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಜೀವನದಲ್ಲಿ ಒಮ್ಮೆಯಾದರೂ, ಕೆಲವು ನಿಮಿಷವಾದರೂ ಇದು ಬಂದು ಹೋಗಿರುತ್ತದೆ. ತಿಂಗಳುಗಟ್ಟಲೆ ನಿಂತು ಕಾಯಿಲೆ ಆಗುವುದು 100ಕ್ಕೆ 1–2 ಜನರಲ್ಲಿ. ಹುಡುಗರಿಗೂ ಹುಡುಗಿಯರಿಗೂ ಒಂದೇ ಪ್ರಮಾಣ. ಶುರುವಾಗುವ ಸರಾಸರಿ ವಯಸ್ಸು 16. ನನಗೂ ಒಮ್ಮೆ ಆಗಿದೆ. ಎಂ.ಡಿ. ಓದುವಾಗ ಎರಡು ರಾತ್ರಿ ಸರಿಯಾಗಿ ನಿದ್ದೆ ಇಲ್ಲದೆ ಡ್ಯೂಟಿ ಮಾಡಿದ್ದೆ. ಬೆಳಗಿನ ಜಾವ ವಾರ್ಡಿನ ಸಿಂಕಿನಲ್ಲಿ ಕೈ ತೊಳೆಯುತ್ತಿದ್ದೆ. ನಲ್ಲಿ ಕೆಳಗಿನ ಆ ಎರಡು ಕೈ ಯಾರದೋ ಅನಿಸಿಬಿಟ್ಟಿತು. ನೀರು ತಣ್ಣಗಿದೆ ಅಂತ ಗೊತ್ತಾಗುತ್ತಿದೆ, ತಣ್ಣಗಾಗುತ್ತಿರುವುದು ನನಗಲ್ಲ. ಪುಸ್ತಕದಲ್ಲಿ ಹಿಂದಿನ ವಾರವಷ್ಟೇ ಓದಿದ್ದೆ. ಆದರೂ ಹೆದರಿದೆ. ಹೋಗಿ ಒಂಬತ್ತು ಗಂಟೆ ಮಲಗಿದೆ, ಎದ್ದಾಗ ಕೈ ನನ್ನದೇ ಆಗಿತ್ತು.

ಈಗ ಹುಚ್ಚಿನ ವಿಷಯ. ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ. ಸಿನಿಮಾದಲ್ಲಿ ಇರುವವರ 'ಹಾಗೆ' ಕಂಡರು. ಯಾರೋ 'ಅನಿಸುತ್ತದೆ'. ಈ ಎರಡು ಪುಟ್ಟ ಪದಗಳೇ ನನಗೆ ಸಾಕ್ಷಿ. ಸ್ಕಿಜೋಫ್ರೇನಿಯಾದಂಥ ಕಾಯಿಲೆಯಲ್ಲಿ ಈ 'ಹಾಗೆ' ಬಿದ್ದುಹೋಗುತ್ತದೆ. "ಇವರೆಲ್ಲ ನಟರು, ನನ್ನನ್ನು ನೋಡೋಕೆ ಕಳಿಸಿದ್ದಾರೆ" ಅಂತ ನೇರವಾಗಿ ಹೇಳುತ್ತಾರೆ, ಅದರಲ್ಲಿ ಅನುಮಾನವೇ ಇರುವುದಿಲ್ಲ. ಡಾಕ್ಟರ ಹತ್ತಿರ ಬರಲು ಒಪ್ಪುವುದೂ ಕಷ್ಟ. ನಿಮಗೆ ಹಾಗೆ ಅನಿಸುತ್ತಿದೆ, ಆದರೆ ಅದು ಹಾಗಿಲ್ಲ ಅನ್ನುವುದೂ ಗೊತ್ತು. ಆ ತಿಳಿವಳಿಕೆ ಗಟ್ಟಿಯಾಗಿದೆ. ನಿಮ್ಮ ಹೆದರಿಕೆಗೆ ಅರ್ಧ ಕಾರಣವೂ ಅದೇ.

ಮೆಟ್ರೋದಲ್ಲೇ ಯಾಕೆ ಆಯಿತು? ಎರಡು ವರ್ಷದ ನೈಟ್ ಶಿಫ್ಟ್. ಹಗಲು ಪಿಜಿಯಲ್ಲಿ ನಿದ್ದೆ ಎಷ್ಟು ಬರುತ್ತದೆ ಅಂತ ನನಗೆ ಗೊತ್ತು. ಪಕ್ಕದವರ ರೀಲ್ಸ್, ಹೊರಗೆ ಬೋರ್‌ವೆಲ್ ಕೊರೆಯುವ ಸದ್ದು, ಹನ್ನೊಂದಕ್ಕೆ ಬಂದು ಬಾಗಿಲು ಬಡಿಯುವ ಕೆಲಸದವರು. ನಿದ್ದೆ ಕೆಟ್ಟರೆ ಈ ಅನುಭವ ಬರುವ ಸಾಧ್ಯತೆ ಹೆಚ್ಚುತ್ತದೆ. ಅದರ ಮೇಲೆ ರಾತ್ರಿಯಿಡೀ ಮೆಷಿನ್ ಕಾಫಿ. ಖಾಲಿ ಹೊಟ್ಟೆ, ತುಂಬಿದ ಬೋಗಿ, ಬಿಳಿ ಲೈಟು. ಎದೆ ಹೊಡೆದುಕೊಂಡಿತು ಅಂದಿರಲ್ಲ, ಅದು ಪ್ಯಾನಿಕ್ ಅಟ್ಯಾಕ್ ಇದ್ದ ಹಾಗಿದೆ. ಆಗ ನಮಗೇ ಗೊತ್ತಿಲ್ಲದೆ ಬೇಗಬೇಗ ಉಸಿರಾಡುತ್ತೇವೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಮ್ಮಿಯಾಗುತ್ತದೆ, ಮಿದುಳಿನ ರಕ್ತನಾಳ ಸಂಕುಚಿತವಾಗುತ್ತದೆ, ತಲೆ ಹಗುರ, ಬೆರಳು ಜುಮ್ಮೆನ್ನುತ್ತದೆ, ಸುತ್ತಲಿನದು ದೂರ ಹೋದ ಹಾಗೆ ಕಾಣುತ್ತದೆ. ಹತ್ತು ನಿಮಿಷದಲ್ಲಿ ಸರಿಹೋಗುವ ವಿಷಯ ಇದು. ಪಕ್ಕದಲ್ಲಿದ್ದವರು ಇಂಥ ಹೊತ್ತಲ್ಲಿ "ಜೋರಾಗಿ ಉಸಿರು ಎಳ್ಕೊಳ್ಳಿ" ಅಂತಾರೆ. ದಯವಿಟ್ಟು ಎಳೆದುಕೊಳ್ಳಬೇಡಿ. ಎಳೆದುಕೊಂಡಿದ್ದು ಜಾಸ್ತಿಯಾಗಿಯೇ ಈ ಪಾಡು. ಮೂಗಿನಲ್ಲಿ ಸಣ್ಣಗೆ ತೆಗೆದುಕೊಂಡು, ಬಿಡುವುದನ್ನು ನಿಧಾನ ಮಾಡಿ. ಬಿಸಿ ಹಾಲು ಆರಿಸುವ ಹಾಗೆ ಊದಿ.

ಒಂದು ಪ್ರಶ್ನೆ ನಾನು ಎಲ್ಲರನ್ನೂ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಗಾಂಜಾ? ವೀಕೆಂಡ್ ಪಾರ್ಟಿಯಲ್ಲಿ ಯಾರೋ ಕೊಟ್ಟ ಒಂದು ಬ್ರೌನಿ? ಇದು ತುಂಬಾ ಸಾಮಾನ್ಯ ಕಾರಣ. ಒಂದೇ ಸಲ ತೆಗೆದುಕೊಂಡವರಲ್ಲೂ ಶುರುವಾಗಿದ್ದನ್ನು ನೋಡಿದ್ದೇನೆ. ನೀವು ಬರೆದಿಲ್ಲ, ಇಲ್ಲದೆಯೂ ಇರಬಹುದು. ಇದ್ದರೆ ಡಾಕ್ಟರಿಗೆ ಹೇಳಿ, ಇನ್ನು ಮುಟ್ಟಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನಿಮ್ಮ ಗುಟ್ಟು ಕಾಪಾಡಿಕೊಳ್ಳುವ ಹಕ್ಕು ನಿಮಗಿದೆ. ಡಾಕ್ಟರು ಊರಿಗೆ ಫೋನ್ ಮಾಡಿ ಹೇಳುವುದಿಲ್ಲ.

ಅವತ್ತು ಹತ್ತು ನಿಮಿಷದಲ್ಲಿ ಮುಗಿಯಬೇಕಾಗಿದ್ದದ್ದು ನಾಲ್ಕು ತಿಂಗಳು ಯಾಕೆ ನಿಂತಿತು? ನನ್ನ ಇಡೀ ಉತ್ತರದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನೀವು ನೋಡುತ್ತಲೇ ಇದ್ದೀರಿ. ಬೆಳಗ್ಗೆ ಕಣ್ಣು ಬಿಟ್ಟ ತಕ್ಷಣ 'ಇದೆಯಾ, ಹೋಯಿತಾ' ಅಂತ ನೋಡುತ್ತೀರಿ. ಕನ್ನಡಿ ಮುಂದೆ ನಿಂತು ಮುಖ ನೋಡುತ್ತೀರಿ. ಅಮ್ಮನ ಜೊತೆ ಮಾತಾಡುತ್ತಲೇ 'ಪ್ರೀತಿ ಬಂತಾ' ಅಂತ ಒಳಗೆ ಇಣುಕುತ್ತೀರಿ. ಯಾರ ಪ್ರೀತಿಯೂ ಹಾಗೆ ಇಣುಕಿದಾಗ ಕೈಗೆ ಸಿಗುವುದಿಲ್ಲ. ನನ್ನ ಮಗಳನ್ನು ತಬ್ಬಿಕೊಂಡು 'ಈಗ ನನಗೆ ಎಷ್ಟು ಪ್ರೀತಿ ಆಗುತ್ತಿದೆ' ಅಂತ ಅಳೆಯಲು ಹೋದರೆ ನನಗೂ ಸೊನ್ನೆಯೇ ಸಿಗುತ್ತದೆ. ಆಮೇಲೆ ಮೊಬೈಲ್. ರಾತ್ರಿ ಮೂರು ಗಂಟೆಗೆ, ಶಿಫ್ಟ್ ಮಧ್ಯೆ, ಒಂದರ ಮೇಲೊಂದು ಪುಟ. ಪ್ರತಿ ಸಲ ನೋಡಿದಾಗಲೂ ಮಿದುಳಿಗೆ ಹೋಗುವ ಸುದ್ದಿ ಒಂದೇ: ಅಪಾಯ ಇನ್ನೂ ಇದೆ. ಅಪಾಯ ಇದೆ ಅಂದಮೇಲೆ ಅದು ವಾಲ್ಯೂಮ್ ಯಾಕೆ ಏರಿಸುತ್ತದೆ?

ಇಲ್ಲಿಂದ ಸಾಕ್ಷಿಭಾವದ ವಿಷಯಕ್ಕೆ ಬರಬಹುದು. ಆ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ, ಸಂತೋಷಕ್ಕೇ ಹೇಳಿರುತ್ತಾರೆ. ಮೇಲುನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ. ನಾನು ಈ ದೇಹ ಅಲ್ಲ, ಈ ಮನಸ್ಸೂ ಅಲ್ಲ, ನೋಡುವವನು ಮಾತ್ರ. ವೇದಾಂತ ಹೇಳುವುದೂ ಇದೇ, ನೀವು ಹೇಳುತ್ತಿರುವುದೂ ಇದೇ. ಆದರೆ ಒಂದು ಪ್ರಶ್ನೆ ಹಾಕಿ ನೋಡಿ. ನಿಮ್ಮೊಳಗೆ ಕೂತು ನೋಡುತ್ತಿರುವವನ ಮುಖದಲ್ಲಿ ಶಾಂತಿ ಇದೆಯಾ? ನೀವು ವರ್ಣಿಸಿದ್ದು ಅಪಾರ್ಟ್‌ಮೆಂಟಿಗೆ ಹೊಸದಾಗಿ ಬಂದ ಸೆಕ್ಯುರಿಟಿ ಗಾರ್ಡ್ ಥರ ಇದೆ. ಎರಡು ನಿಮಿಷಕ್ಕೊಮ್ಮೆ ಇಂಟರ್‌ಕಾಮ್ ಮಾಡುತ್ತಾನೆ. ಮೇಡಂ ಯಾರೋ ಬಂದ್ರು, ಮೇಡಂ ಏನೋ ಸದ್ದು. ಸಾಕ್ಷಿಗೆ ಇಂಟರ್‌ಕಾಮೇ ಇಲ್ಲ. ಸುಖ ಬಂದರೆ ಸುಖ, ದುಃಖ ಬಂದರೆ ದುಃಖ, ಅವನಿಗೆ ಎಲ್ಲ ಪೂರ್ತಿ ಕಾಣುತ್ತದೆ. ನಿಮಗೆ ಸುಖವೂ ಕಾಣುತ್ತಿಲ್ಲ, ದುಃಖವೂ ಕಾಣುತ್ತಿಲ್ಲ, ಬರೀ ಕಾವಲು.

ರಮಣ ಮಹರ್ಷಿಗಳಿಗೂ ಹೀಗೇ ಆಗಿತ್ತಲ್ಲ ಅಂತ ಓದಿಕೊಂಡ ಯುವಕರು ನನ್ನ ಹತ್ತಿರ ವಾದ ಮಾಡುತ್ತಾರೆ. 1896ರಲ್ಲಿ, ಮಧುರೆಯ ಚಿಕ್ಕಪ್ಪನ ಮನೆಯಲ್ಲಿ, ಹದಿನಾರು ವರ್ಷದ ಹುಡುಗನಿಗೆ ಇದ್ದಕ್ಕಿದ್ದಂತೆ ಸಾವಿನ ಭಯ ಬಂತು. ಮೈ ಸೆಟೆಸಿ ಹೆಣದ ಹಾಗೆ ಮಲಗಿ, ಸಾಯುವುದು ಯಾರು ಅಂತ ವಿಚಾರ ಮಾಡಿದರು. ಹೌದು, ಶುರು ಒಂದೇ ಥರ ಇದೆ. ಮುಂದಿನದನ್ನೂ ಓದಬೇಕು. ಆ ಭಯ ಅಲ್ಲಿಗೇ ಮುಗಿಯಿತು, ಮತ್ತೆ ಬರಲಿಲ್ಲ ಅಂತ ಅವರೇ ಹೇಳಿದ್ದಾರೆ. ನಿಮ್ಮದು ಅಲ್ಲಿಂದಲೇ ಶುರುವಾಯಿತು. ಮಹರ್ಷಿಗಳಿಗೆ ಏನಾಯಿತು ಅಂತ ಹೇಳುವ ಯೋಗ್ಯತೆ ನನಗಿಲ್ಲ. ನಿಮಗೆ ಏನಾಗಿದೆ ಅಂತ ಹೇಳಬಲ್ಲೆ.

ನಾನು ದೇವರ ಮನೆ ಇರುವ ಮನೆಯಲ್ಲೇ ಬೆಳೆದವಳು, ಅಧ್ಯಾತ್ಮವನ್ನು ತಳ್ಳಿಹಾಕುತ್ತಿಲ್ಲ. ಇದನ್ನು ಚೆನ್ನಾಗಿ ಅರಿತವರು ನಮ್ಮ ಹಿಂದಿನವರೇ. ಪತಂಜಲಿಯ ಯೋಗಸೂತ್ರದಲ್ಲಿ ಸಾಧನೆಗೆ ಒಂಬತ್ತು ಅಡ್ಡಿಗಳ ಪಟ್ಟಿ ಇದೆ. ಅದರಲ್ಲಿ ಮೊದಲನೆಯದೇ ವ್ಯಾಧಿ. ಕಾಯಿಲೆ. ಭ್ರಾಂತಿದರ್ಶನ, ಅಂದರೆ ಇರುವುದನ್ನು ತಪ್ಪಾಗಿ ಕಾಣುವುದು, ಅದೂ ಅದೇ ಪಟ್ಟಿಯಲ್ಲಿದೆ. ಅದರ ಮುಂದಿನ ಸೂತ್ರದಲ್ಲಿ ಈ ಅಡ್ಡಿಗಳ ಜೊತೆಗೆ ಏನೇನು ಬರುತ್ತದೆ ಅಂತ ಹೇಳಿದ್ದಾನೆ: ದುಃಖ, ಮನಸ್ಸು ಕುಸಿಯುವುದು, ಅಂಗಾಂಗ ನಡುಗುವುದು, ಉಸಿರು ಏರುಪೇರಾಗುವುದು. ನಿಮ್ಮ ಮೆಟ್ರೋ ಪ್ರಯಾಣದ ವರದಿ ಇದ್ದ ಹಾಗಿದೆ ಅಲ್ವಾ? ಪತಂಜಲಿ ಇದನ್ನು ಸಾಧನೆಯ ಫಲ ಅನ್ನಲಿಲ್ಲ, ಅಡ್ಡಿ ಅಂದ.

ಇನ್ನು 'ಜಗತ್ತು ಮಿಥ್ಯೆ'. ಶಂಕರರು ವ್ಯವಹಾರದ ಸತ್ಯ ಬೇರೆ, ಪರಮಾರ್ಥದ ಸತ್ಯ ಬೇರೆ ಅಂತ ಎರಡು ಮಟ್ಟ ಇಟ್ಟರು. ವ್ಯವಹಾರದಲ್ಲಿ ಕಾಫಿ ಬಿಸಿಯೇ, ಅಮ್ಮ ಅಮ್ಮನೇ. ಅದ್ವೈತ ಓದಿ ಯಾರಿಗೂ ಲೋಟದ ಬಿಸಿ ತಾಗದೆ ಹೋಗಿಲ್ಲ. ವಿವೇಕ, ವೈರಾಗ್ಯ, ಶಮದಮ (ಮನಸ್ಸು, ಇಂದ್ರಿಯಗಳ ಮೇಲೆ ಹಿಡಿತ) ಇವೆಲ್ಲ ಕೂಡಿದ ಮೇಲೆಯೇ ಆ ವಿಚಾರಕ್ಕೆ ಅರ್ಹತೆ ಅಂತಲೂ ಹೇಳಿದರು. ಅಂದರೆ ಮೊದಲು ಗಟ್ಟಿಯಾದ ಒಂದು 'ನಾನು' ಬೇಕು, ಆಮೇಲೆ ಅದನ್ನು ಮೀರುವ ಮಾತು. ನಮ್ಮ ಶರಣರಂತೂ ದೇಹವನ್ನೇ ದೇಗುಲ ಅಂದರು, ಬಿಟ್ಟು ಹೋಗಬೇಕಾದ ಬಾಡಿಗೆ ಮನೆ ಅನ್ನಲಿಲ್ಲ.

ನಾನು ಬಳಸುವ ಅಳತೆಗೋಲು ಬಹಳ ಸರಳ. ಧ್ಯಾನ ಸರಿದಾರಿಯಲ್ಲಿದ್ದರೆ ಮನುಷ್ಯ ಮನೆಯವರಿಗೆ ಹತ್ತಿರವಾಗುತ್ತಾನೆ. ಆಟೋದವರ ಜೊತೆ ಜಗಳ ಕಮ್ಮಿಯಾಗುತ್ತದೆ. ಬೇರೆಯವರ ಅಳು ಬೇಗ ತಾಗುತ್ತದೆ. ನಿಮಗೆ ಅಮ್ಮನ ಧ್ವನಿಯೇ ತಾಗುತ್ತಿಲ್ಲ. ಹಾಗಾಗಿ ಕಣ್ಣು ಮುಚ್ಚಿ ಮೌನವಾಗಿ ಕೂರುವ ಧ್ಯಾನವನ್ನು ಸದ್ಯಕ್ಕೆ ನಿಲ್ಲಿಸಿ. ಮೂರು ತಿಂಗಳಾದರೂ ಬೇಡ. ನಿಮ್ಮ ಮನಸ್ಸು ಈಗಾಗಲೇ ಬೇಕಾದ್ದಕ್ಕಿಂತ ಜಾಸ್ತಿ ಒಳಗೆ ನೋಡುತ್ತಿದೆ, ಅದನ್ನೇ ಇನ್ನೂ ಮಾಡಿಸುವುದು ಜೋಮು ಹಿಡಿದ ಕಾಲ ಮೇಲೆ ಇನ್ನೊಂದು ಗಂಟೆ ಕೂತ ಹಾಗೆ. ಭಸ್ತ್ರಿಕಾ, ಕಪಾಲಭಾತಿಯಂಥ ಜೋರು ಉಸಿರಿನ ಅಭ್ಯಾಸವೂ ಬೇಡ, ಕಾರಣ ಆಗಲೇ ಹೇಳಿದೆ. ದೇವರು ಬೇಕೆಂದರೆ ಕೈ, ಬಾಯಿ, ಕಾಲು ಇರುವ ಭಕ್ತಿ ಮಾಡಿ. ಗಟ್ಟಿಯಾಗಿ ಭಜನೆ ಹೇಳಿ. ಹೂ ಕಟ್ಟಿ. ಪ್ರದಕ್ಷಿಣೆ ಹಾಕಿ. ಪಿಜಿ ಹತ್ತಿರದ ದೇವಸ್ಥಾನದಲ್ಲಿ ಪ್ರಸಾದ ಬಡಿಸಲು ನಿಂತುಕೊಳ್ಳಿ. ನೂರು ಎಲೆಗೆ ಪುಳಿಯೋಗರೆ ಬಡಿಸುವವರಿಗೆ ಒಳಗೆ ಇಣುಕಲು ಪುರುಸೊತ್ತು ಇರುವುದಿಲ್ಲ.

ದಿನಚರಿಗೆ ಬರೋಣ. ಮೊದಲನೆಯದು ನಿದ್ದೆ, ಇದರ ಮುಂದೆ ಉಳಿದದ್ದೆಲ್ಲ ಚಿಲ್ಲರೆ. ಡಾಕ್ಟರ ಪತ್ರ ತೆಗೆದುಕೊಂಡು ಹಗಲು ಪಾಳಿ ಕೇಳಿ. ಮೂರು ತಿಂಗಳಿಗೆ ಅಂತ ಕೇಳಿದರೆ ಮ್ಯಾನೇಜರುಗಳು ಒಪ್ಪುವುದು ಸುಲಭ. ಸಿಗದಿದ್ದರೆ ಬೆಳಗ್ಗೆ ಮನೆಗೆ ಬರುವಾಗ ಕಪ್ಪು ಕನ್ನಡಕ, ರೂಮಿಗೆ ದಪ್ಪ ಪರದೆ, ಕಿವಿಗೆ ಹತ್ತಿ. ರಜೆ ದಿನವೂ ಅದೇ ಹೊತ್ತಿಗೆ ಮಲಗಿ. ಕಾಫಿ ಶಿಫ್ಟಿನ ಮೊದಲ ಅರ್ಧದಲ್ಲಿ ಎರಡು ಲೋಟ, ಆಮೇಲೆ ಮುಗಿಯಿತು.

ಎರಡನೆಯದು, ನೋಡುವುದನ್ನು ಕಡಿಮೆ ಮಾಡುವುದು. ಒಂದೇ ದಿನದಲ್ಲಿ ನಿಲ್ಲುವುದಿಲ್ಲ. ಮೊಬೈಲ್‌ನಲ್ಲಿ ಈ ವಿಷಯ ಹುಡುಕುವುದನ್ನು ಮೊದಲು ಬಿಡಿ, ಈ ಉತ್ತರವನ್ನೂ ಸೇರಿಸಿ. ಒಂದು ಸಲ ಓದಿದರೆ ಸಾಕು, ದಿನಾ ರಾತ್ರಿ ತೆಗೆದು ಓದಬೇಡಿ. ಕನ್ನಡಿ ತಲೆ ಬಾಚಲು ಮಾತ್ರ. 'ಇದೆಯಾ' ಅನ್ನುವ ಪ್ರಶ್ನೆ ಬಂದಾಗ "ಇದ್ದರೆ ಇರಲಿ, ನಾನು ಬಟ್ಟೆ ಒಗೀಬೇಕು" ಅಂತ ಒಗೆಯಲು ಹೋಗಿ. ಅದು ಹೋದ ಮೇಲೆ ಬದುಕು ಶುರು ಮಾಡುತ್ತೇನೆ ಅಂತ ಕಾಯುವವರಿಗೆ ಅದು ನಿಧಾನವಾಗಿ ಹೋಗುತ್ತದೆ. ಅದನ್ನೂ ಬಗಲಲ್ಲಿ ಹಾಕಿಕೊಂಡು ಸಂತೆಗೆ ಹೋದವರಿಗೆ ಬೇಗ.

ಮೂರನೆಯದು ಮೈ. ಕಾಣುವ ಐದು ವಸ್ತು, ಮುಟ್ಟುವ ನಾಲ್ಕು, ಕೇಳುವ ಮೂರು ಅಂತ ಎಣಿಸುವ ಒಂದು ಅಭ್ಯಾಸ ಇದೆ, ಎಲ್ಲ ಕೌನ್ಸೆಲರುಗಳೂ ಹೇಳಿಕೊಡುತ್ತಾರೆ. ಗಾಬರಿ ಏರಿದಾಗ ಒಳ್ಳೆಯದೇ. ದಿನವಿಡೀ ಪರೀಕ್ಷೆ ಬರೆದ ಹಾಗೆ ಮಾಡಿದರೆ ಅದೂ ಇಣುಕುವುದೇ ಆಗಿಬಿಡುತ್ತದೆ, ಹಾಗಾಗಿ ನನಗೆ ಅದರ ಮೇಲೆ ಅಷ್ಟೇನೂ ಪ್ರೀತಿ ಇಲ್ಲ. ನನಗೆ ಇಷ್ಟವಾದದ್ದು ಕೈಗೆ ನಿಜವಾದ ಕೆಲಸ ಕೊಡುವುದು. ಚಳಿಗಾಲವಾದರೆ ಅವರೆಕಾಳು ನೆನೆಹಾಕಿ ಹಿತುಕಿ. ಬೆರಳಲ್ಲಿ ಒತ್ತಿದ ತಕ್ಷಣ ಕಾಳು ಪುಳಕ್ಕೆಂದು ಚಿಮ್ಮುತ್ತದೆ, ಕೈಗೆಲ್ಲ ಸೊಗಡಿನ ವಾಸನೆ. ಅರ್ಧ ಸೇರು ಹಿತುಕುವಷ್ಟರಲ್ಲಿ ಬೆರಳು ನೋಯುತ್ತದೆ, ನೋಯುವ ಬೆರಳು ನಿಮ್ಮದೇ. ನನ್ನ ಪೇಷೆಂಟ್ ಒಬ್ಬರಿಗೆ ಒಂದು ಇಡೀ ಸೀಸನ್ ಇದನ್ನೇ ಬರೆದುಕೊಟ್ಟಿದ್ದೆ. ಪಿಜಿಯಲ್ಲಿ ಆಗುವುದಿಲ್ಲ ಅಂದರೆ ಭಾನುವಾರ ಬೆಳಗ್ಗೆ ಲಾಲ್‌ಬಾಗಿಗೆ ಹೋಗಿ, ಬಂಡೆಯ ಮೇಲೆ ಚಪ್ಪಲಿ ಬಿಟ್ಟು ಹತ್ತಿ. ಸುಮಾರು 300 ಕೋಟಿ ವರ್ಷದ ಕಲ್ಲು ಅದು. ಒಂಬತ್ತು ಗಂಟೆಗೆಲ್ಲ ಅಂಗಾಲು ಸುಡಲು ಶುರುವಾಗುತ್ತದೆ. ಜೋರಾಗಿ ನಡೆಯಿರಿ, ಬೆವರಲಿ. ಮಾಲ್‌ಗಳಿಗೆ ಸ್ವಲ್ಪ ದಿನ ಹೋಗದಿದ್ದರೂ ನಡೆಯುತ್ತದೆ, ಆ ಲೈಟು, ಗಾಜು ತುಂಬಾ ಜನಕ್ಕೆ ಇದನ್ನು ಹೆಚ್ಚಿಸುತ್ತದೆ. ಮೆಟ್ರೋ ಮಾತ್ರ ಬಿಡಬೇಡಿ. ಒಂದು ಸಲ ಬಿಟ್ಟರೆ ಮುಂದೆ ಬಸ್ಸು, ಆಮೇಲೆ ಮನೆ ಬಾಗಿಲು.

ಒಂದು ಎಚ್ಚರಿಕೆ. ಜೋಮು ಬಿಡುವಾಗ ಕಾಲಿಗೆ ಏನಾಗುತ್ತದೆ? ಇರುವೆ ಹರಿದ ಹಾಗೆ, ಸೂಜಿ ಚುಚ್ಚಿದ ಹಾಗೆ. ಇಲ್ಲೂ ಹಾಗೇ. ವಾಪಸ್ಸು ಬರುವ ಭಾವನೆಗಳಲ್ಲಿ ಸಂತೋಷವೇ ಮೊದಲು ಬರುತ್ತದೆ ಅಂದುಕೊಳ್ಳಬೇಡಿ. ಕಾರಣ ಇಲ್ಲದೆ ಅಳು ಬರಬಹುದು, ಸಿಟ್ಟು ಬರಬಹುದು, ಎಂದೋ ಆದ ಅವಮಾನ ಈಗ ಉರಿಯಬಹುದು. ಚಿಕ್ಕವರಿದ್ದಾಗ ಮನೆಯಲ್ಲಿ ಬೈಗುಳ, ತಾತ್ಸಾರ ತುಂಬಾ ಅನುಭವಿಸಿದವರಲ್ಲಿ ಈ ತೊಂದರೆ ಜಾಸ್ತಿ. ಅಂಥದ್ದೇನಾದರೂ ಇದ್ದರೆ ಒಬ್ಬರೇ ಕೂತು ಅಗೆಯಬೇಡಿ, ಥೆರಪಿಸ್ಟ್ ಜೊತೆ ಮಾತಾಡಿ. ಅಳು ಬಂದರೆ 'ಇನ್ನೂ ಹಾಳಾಯಿತು' ಅನ್ನಬೇಡಿ. ನಾನಂತೂ ಪೇಷೆಂಟ್ ಬಂದು "ನಿನ್ನೆ ಸುಮ್ನೆ ಅತ್ತೆ ಡಾಕ್ಟ್ರೇ" ಅಂದರೆ ಒಳಗೊಳಗೇ ಖುಷಿ ಪಡುತ್ತೇನೆ.

ಡಾಕ್ಟರನ್ನು ನೋಡಲೇಬೇಕು, ನಾಲ್ಕು ತಿಂಗಳು ಕಾದದ್ದೇ ಜಾಸ್ತಿ. ನಿಮ್ಹಾನ್ಸ್ ಹೆಸರು ಕೇಳಿದರೆ ಮನೆಯಲ್ಲಿ ಗಾಬರಿ ಬೀಳುತ್ತಾರೆ, ಹಳೆಯ 'ಹುಚ್ಚಾಸ್ಪತ್ರೆ' ಅನ್ನುವ ಮಾತು ಇನ್ನೂ ಹೋಗಿಲ್ಲ. ಅಲ್ಲಿಗೆ ತಲೆನೋವಿಗೂ ಜನ ಬರುತ್ತಾರೆ. ಹೊಸೂರು ರಸ್ತೆಗೆ ಹೋಗಲು ಮನಸ್ಸಿಲ್ಲದಿದ್ದರೆ ಬಿಟಿಎಂ ಲೇಔಟಿನಲ್ಲಿ ಅವರದೇ ಸೆಂಟರ್ ಫಾರ್ ವೆಲ್ ಬೀಯಿಂಗ್ ಇದೆ. ಈಗಲೇ ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಶಿಫ್ಟಿಗೆ ಹೇಳಿ ಮಾಡಿಸಿದ್ದು.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಬಹುದು, ಬೇಕೆನಿಸಿದರೆ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ. ಕೆಲವು ಥರದ ಫಿಟ್ಸ್ ಮತ್ತು ಮೈಗ್ರೇನ್‌ನಲ್ಲೂ ಹೀಗೇ ಅನಿಸುತ್ತದೆ. ಈ ಜೋಮಿಗೇ ಅಂತ ಮಂಜೂರಾದ ಮಾತ್ರೆ ಯಾವುದೂ ಇಲ್ಲ. ಜೊತೆಗಿರುವ ಪ್ಯಾನಿಕ್, ಆತಂಕ, ಖಿನ್ನತೆಗೆ ಒಳ್ಳೆಯ ಔಷಧಿ ಇದೆ, ಅದು ಇಳಿದರೆ ಎಷ್ಟೋ ಜನರಲ್ಲಿ ಇದೂ ಇಳಿಯುತ್ತದೆ. ಅದರ ಜೊತೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ. ರೂಮ್‌ಮೇಟ್ ಕೊಟ್ಟ ನಿದ್ದೆ ಮಾತ್ರೆ ತೆಗೆದುಕೊಳ್ಳಬೇಡಿ. ಕಿವಿಯಲ್ಲಿ ಧ್ವನಿ ಕೇಳಿಸಿದರೆ, ಯಾರೋ ಹಿಂಬಾಲಿಸುತ್ತಿದ್ದಾರೆ ಅಂತ ಖಚಿತವಾಗತೊಡಗಿದರೆ, ನಡುವೆ ಕೆಲವು ನಿಮಿಷ ಏನಾಯಿತೆಂದೇ ನೆನಪಿಲ್ಲದಿದ್ದರೆ, ಇಲ್ಲದ ಸುಟ್ಟ ವಾಸನೆ ಬಂದು ಮಂಕಾದರೆ, ಬದುಕಿದ್ದು ಏನು ಪ್ರಯೋಜನ ಅನ್ನುವ ಯೋಚನೆ ಬಂದರೆ, ಅಪಾಯಿಂಟ್‌ಮೆಂಟ್ ಕಾಯಬೇಡಿ, ಅವತ್ತೇ ಹೋಗಿ.

ಕೊನೆಗೆ ಅಮ್ಮ. ಡಿಪರ್ಸನಲೈಸೇಶನ್ ಅಂತ ಹೇಳಿದರೆ ಅವರು ರಾತ್ರಿಯಿಡೀ ನಿದ್ದೆ ಮಾಡುವುದಿಲ್ಲ. 'ನಿನ್ನ ಮೇಲೆ ಪ್ರೀತಿ ಬರ್ತಿಲ್ಲ' ಅಂತಲೂ ಹೇಳಬೇಡಿ, ಅದು ನಿಜವೂ ಅಲ್ಲ. ಹೀಗೆ ಹೇಳಿ ನೋಡಿ: "ಅಮ್ಮಾ, ನಿದ್ದೆ ಕೆಟ್ಟು ಕೆಟ್ಟು ಮನಸ್ಸಿಗೆ ಜೋಮು ಹಿಡಿದ ಹಾಗಾಗಿದೆ. ಡಾಕ್ಟ್ರ ಹತ್ರ ತೋರಿಸ್ತಿದೀನಿ. ಫೋನಲ್ಲಿ ನಾನು ಜಾಸ್ತಿ ಮಾತಾಡದಿದ್ರೂ ನೀನು ಮಾತಾಡ್ತಾ ಇರು." ಅವರಿಗೆ ಅರ್ಥವಾಗುತ್ತದೆ. ಅವರ ಕಾಲಿಗೂ ದಿನಾ ಜೋಮು ಹಿಡಿಯುತ್ತಿರುತ್ತದೆ.

ದೃಷ್ಟಿ ತೆಗೆದದ್ದಕ್ಕೆ ನನ್ನ ತಕರಾರಿಲ್ಲ. ಹರಕೆಯನ್ನೂ ತೀರಿಸಿ ಬನ್ನಿ. ರಾತ್ರಿ ಬಸ್ಸು ಮಾತ್ರ ಬೇಡ, ನಿದ್ದೆ ಕೆಡುತ್ತದೆ. ಊರಿಗೆ ಹೋಗಿ ಎರಡು ದಿನ ಮಲಗಿ, ಆಮೇಲೆ ಅಮ್ಮನ ಜೊತೆ ಹಗಲು ಬಸ್ಸಿನಲ್ಲಿ ಘಾಟಿ ಇಳಿಯಿರಿ. ಕಿಟಕಿ ಪಕ್ಕ ಕೂತುಕೊಳ್ಳಿ. ದರ್ಶನ ಆದ ಮೇಲೆ ಅನ್ನಛತ್ರದಲ್ಲಿ ಸಾರು ಬಿಸಿಯಾಗಿರುತ್ತದೆ, ಕೈಯಲ್ಲೇ ಕಲಸಿ.